ಮೈಕು ಮಾವನ ಬೀಳ್ಕೊಡುಗೆ

ಮಾರ್ಚ್ ೯, ಸೋಮವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಮೈಕು ಮಾವನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿಮ್ಮತ್ತೆಯ ಮಂಡಿನೋವು ಇನ್ನೂ ಬಾಯಿಯ ತನಕ ಏರಿಲ್ಲ, ಅದೊಂದೇ ನನ್ನ ದುರದೃಷ್ಟ. ನಿಮ್ಮಮ್ಮನಿಗೆ ಹೇಳು, ತಮ್ಮ ಬದುಕಿದ್ದಾನೆ ಅಂತ.

ಕಳೆದ ತಿಂಗಳು ಹನ್ನೆರಡಕ್ಕೆ ಬಂದ ಪತ್ರಕ್ಕೆ ಇವತ್ತು ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಎರಡರಲ್ಲೂ ಬರೀ ನನ್ನ ಪ್ರತಾಪವೇ ತುಂಬಿತ್ತು. ನೀನು ಕೇಳಿದ್ದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ.

ನೀನು ಕೇಳಿದ್ದು ಇಷ್ಟು. ಇಪ್ಪತ್ತೆರಡನೇ ತಾರೀಕು ಭಾನುವಾರ ಮುನ್ನೂರು ಜನ ತಾಯಂದಿರ ಎದುರು ನಿಂತು, ಮಕ್ಕಳನ್ನು ಬಿಸಿನೀರು, ಒಲೆಗಳಿಂದ ಹೇಗೆ ಕಾಪಾಡಬೇಕೆಂದು ಮಾತಾಡಬೇಕು. ಹಿಂದೆ ಎರಡು ಸಲ ನೀನು ಆಗುವುದಿಲ್ಲ ಅಂದಿದ್ದೀಯ. ಈ ಸಲ ಹ್ಞೂಂ ಅನ್ನುವುದೋ ಊಹ್ಞೂಂ ಅನ್ನುವುದೋ ಈ ಶುಕ್ರವಾರದೊಳಗೆ ನಿಮ್ಮ ಆಸ್ಪತ್ರೆಯ ದೊಡ್ಡ ಸಿಸ್ಟರ್‌ಗೆ ತಿಳಿಸಬೇಕು. ನೀನು ಒಲ್ಲೆ ಅಂದರೆ, ನೀನು ನರ್ಸಾಗಿರುವ ಸುಟ್ಟಗಾಯದ ವಾರ್ಡಿನ ಹೊಸ್ತಿಲನ್ನೇ ತುಳಿಯದ ಯಾರೋ ಬಂದು ಚೀಟಿ ನೋಡಿ ಓದುತ್ತಾರೆ. "ತಾಯಂದಿರು ಆಕಳಿಸಿ ಮನೆಗೆ ಹೋಗ್ತಾರೆ ಮಾವಾ, ಆಮೇಲೆ ಅವರ ಮಕ್ಕಳು ನನ್ನ ವಾರ್ಡಿಗೇ ಬರ್ತಾವೆ" ಎಂದು ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಅನ್ನ ಸರಿಯಾಗಿ ಸೇರುತ್ತಿಲ್ಲ.

"ಸಾವಿರಾರು ಜನರ ಮುಂದೆ ಮಾತಾಡ್ತೀಯಲ್ಲ, ನಿಂಗೆ ಹೆದರಿಕೆ ಹೇಗೆ ಆಗಲ್ಲ?" ಅಂತ ಕೇಳಿದ್ದೀಯ. ಕೇಳಬೇಕಾದದ್ದೇ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನು ಮೂವತ್ತೊಂದು ವರ್ಷ ಈ ಬಸ್ ನಿಲ್ದಾಣದ ಗಂಟಲಾಗಿದ್ದೆ. ನಾನು ಕೆಮ್ಮಿದರೂ ಅದು ಯಾವ ಊರಿನ ಬಸ್ಸು ಅಂತ ಜನ ಚೀಲ ಎತ್ತಿಕೊಳ್ಳುತ್ತಿದ್ದರು. ಆದರೆ ಗುಬ್ಬಿ, ನೀನು ನನ್ನ ಕೋಣೆಯನ್ನು ನೋಡಿಲ್ಲ. ಮಹಡಿಯ ಮೇಲೆ ನಾಲ್ಕು ಹೆಜ್ಜೆ ಅಗಲದ ಗೂಡು. ಒಂದು ಕುರ್ಚಿ, ಒಂದು ಮೈಕು, ಗೋಡೆಗೆ ವೇಳಾಪಟ್ಟಿ. ಕಿಟಕಿಯಿಂದ ಬಗ್ಗಿದರೆ ಬಸ್ಸುಗಳ ನೆತ್ತಿ ಮಾತ್ರ ಕಾಣುತ್ತದೆ. ಅಲ್ಲಿ ನನ್ನನ್ನು ನೋಡುವವರು ಯಾರೂ ಇಲ್ಲ. ಬನಿಯನ್ನಿನಲ್ಲಿ ಕೂತು ಹುಲಿಯ ಹಾಗೆ ಗರ್ಜಿಸಿದ್ದೇನೆ. ಬೋನಿನಾಚೆ ಒಂದು ದಿನವೂ ಬಂದವನಲ್ಲ.

ಹೋದ ಇಪ್ಪತ್ತೆಂಟಕ್ಕೆ ಬೋನು ಬಿಟ್ಟು ಬರಬೇಕಾಯಿತು. ನನಗೆ ಬೀಳ್ಕೊಡುಗೆ. "ನೀವು ನಾಲ್ಕು ಮಾತು ಆಡಲೇಬೇಕು" ಅಂತ ಮ್ಯಾನೇಜರು ವಾರದ ಮುಂಚೆಯೇ ಹೇಳಿದರು. "ನಾಲ್ಕೇನು, ನಾನೂರು ಆಡ್ತೀನಿ, ನೀವು ಕೂತಿರೋದು ಕಷ್ಟ" ಅಂದುಬಿಟ್ಟೆ. ಮನೆಗೆ ಬರುವ ದಾರಿಯಲ್ಲೇ ನನ್ನ ಬಾಯಿಯನ್ನು ನಾನೇ ಬೈದುಕೊಂಡೆ.

ಆ ವಾರ ಹೇಗೆ ಕಳೆದೆ ಅಂತ ಯಾರಿಗೂ ಹೇಳಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು, ಬಕೆಟ್ಟನ್ನು ಎದುರಿಗಿಟ್ಟುಕೊಂಡು ಭಾಷಣ ಒಪ್ಪಿಸುತ್ತಿದ್ದೆ. ಹೊರಗಿನಿಂದ ನಿಮ್ಮತ್ತೆ, "ಏನ್ರೀ, ಬಕೆಟ್ಟು ಏನಂತು?" ಅಂತ ಕೇಳಿದಳು.

"ಚಪ್ಪಾಳೆ ಹೊಡೀತು ಕಣೇ!"

"ಹೊಡೆದಿದ್ದು ಅದಲ್ಲ ರೀ, ನಿಮ್ಮ ಹಲ್ಲು. ಇಲ್ಲೀವರೆಗೂ ಕೇಳಿಸ್ತಿದೆ."

ನಿಜ. ಬೇಸಿಗೆಯಲ್ಲಿ, ಬಕೆಟ್ಟಿನ ಮುಂದೆ, ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು.

ಆ ದಿನ ಡ್ರೈವರು ಕಂಡಕ್ಟರುಗಳ ವಿಶ್ರಾಂತಿ ಕೋಣೆಯಲ್ಲಿ ಬೆಂಚು ಜೋಡಿಸಿದ್ದರು. ಎಂಬತ್ತು ಜನ ಇದ್ದಿರಬಹುದು. ಮೂವತ್ತೊಂದು ವರ್ಷ ಕೂಗಿ ಕಳಿಸಿದ ಜನರೇ, ಆದರೆ ಅಷ್ಟೂ ಮುಖಗಳನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಮ್ಯಾನೇಜರು ಹೊಗಳಿದರು. ನನಗೆ ಒಂದು ಅಕ್ಷರವೂ ಕಿವಿಗೆ ಬೀಳಲಿಲ್ಲ. ಮೊಣಕಾಲು ಎರಡೂ ಬೇರೆ ಬೇರೆ ದಿಕ್ಕಿಗೆ ಹೊರಟಿದ್ದವು. ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕಿದೆ, ಹನ್ನೊಂದು. ಅಷ್ಟರಲ್ಲಿ ಯಾರೋ ಕೈಗೆ ಮೈಕು ಕೊಟ್ಟರು.

ಎದ್ದು ನಿಂತೆ. ಬಕೆಟ್ಟಿಗೆ ಒಪ್ಪಿಸಿದ್ದೆಲ್ಲ ಚರಂಡಿ ಸೇರಿತ್ತು. ಎಂಬತ್ತು ಜೊತೆ ಕಣ್ಣು ನನ್ನ ಮೇಲೆ. ಆಮೇಲೆ ನನ್ನ ಬಾಯಿ ನನ್ನನ್ನು ಕೇಳದೆ ತಾನೇ ತೆರೆದುಕೊಂಡಿತು: "ಪ್ರಯಾಣಿಕರ ಗಮನಕ್ಕೆ. ನಾಲ್ಕನೇ ಪ್ಲಾಟ್‌ಫಾರಂನಲ್ಲಿರುವ ಬಸ್ಸು ಈಗ ಹೊರಡಲಿದೆ."

ಎರಡನೇ ಬೆಂಚಿನಲ್ಲಿ ನಾಲ್ಕನೇ ಪ್ಲಾಟ್‌ಫಾರಂನ ಡ್ರೈವರು ಕೂತಿದ್ದ. ಎಲ್ಲರೂ ಅವನನ್ನು ಬ್ರೇಕು ಅಂತ ಕರೆಯುತ್ತಾರೆ. ಅವನು ಟೀ ಲೋಟ ಕೆಳಗಿಟ್ಟು, ಟೋಪಿ ಹಾಕಿಕೊಂಡು, ಎದ್ದು ಹೊರಟೇಬಿಟ್ಟ. ಅವನ ಕಂಡಕ್ಟರು ಚೀಲ ಹಿಡಿದು ಹಿಂದೆಯೇ ಓಡಿದ. ತಮಾಷೆಗಲ್ಲ ಗುಬ್ಬಿ, ನಿಜವಾಗಿ! ಆ ಧ್ವನಿ ಕೇಳಿದರೆ ಅವರ ಕಾಲು ತಾವಾಗಿಯೇ ಏಳುತ್ತವೆ. ಹೊರಗೆ ಇಂಜಿನ್ನು ಗುರ್ ಅಂದಿತು.

"ಅಯ್ಯೋ ತಡೀರಪ್ಪಾ ಅವನ್ನ, ಖಾಲಿ ಬಸ್ಸು ತಗೊಂಡು ಹೋಗ್ತಾನೆ!" ಅಂತ ಮ್ಯಾನೇಜರು ಕುರ್ಚಿಯಿಂದ ಎಗರಿದರು. ಕೋಣೆಯಲ್ಲಿ ನಗು ಸಿಡಿಯಿತು. ಬೆಂಚು ಬಡಿದು ನಕ್ಕರು. ನನ್ನ ಬಂಡವಾಳ ಪೂರ್ತಿ ಬಯಲಾಗಿತ್ತು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಬಸ್ಸು ಹೊರಡುತ್ತಿತ್ತಲ್ಲ? ಅದನ್ನು ನಿಲ್ಲಿಸಬಲ್ಲವನು ನಾನೊಬ್ಬನೇ. ಮೈಕನ್ನು ಬಾಯಿಗಿಟ್ಟು, "ನಾಲ್ಕನೇ ಪ್ಲಾಟ್‌ಫಾರಂನ ಚಾಲಕರು ದಯವಿಟ್ಟು ಬಸ್ಸು ನಿಲ್ಲಿಸಿ, ಒಳಗೆ ಬಂದು ಟೀ ಮುಗಿಸಬೇಕು" ಅಂದೆ. ಇಂಜಿನ್ನು ನಿಂತಿತು. ಬ್ರೇಕು ಟೋಪಿ ತೆಗೆಯುತ್ತ ಬಾಗಿಲಿಗೆ ಬಂದು, "ಅಣ್ಣಾ, ಕೊನೇ ದಿನವಾದ್ರೂ ಸರಿಯಾಗಿ ಕೂಗಬಾರ್ದಾ?" ಅಂದ.

ನಾನು ಅವನೊಬ್ಬನ ಮುಖ ನೋಡಿ ಮಾತು ಶುರುಮಾಡಿದೆ. "ಇಷ್ಟು ವರ್ಷ ನಿನ್ನ ಬಸ್ಸಿನ ನೆತ್ತಿ ನೋಡಿದ್ದೀನಿ ಕಣಪ್ಪ, ನಿನ್ನ ತಲೆ ಇಷ್ಟು ನರೆತಿದೆ ಅಂತ ಇವತ್ತು ಗೊತ್ತಾಯ್ತು" ಅಂದೆ. ಅವನ ಕಣ್ಣು ತೇವವಾಯಿತು. ಅಲ್ಲಿಂದ ಹತ್ತು ನಿಮಿಷ ಮಾತಾಡಿದೆ. ಹೆದರಿಕೆ ಹೋಯಿತು ಅಂದರೆ ಸುಳ್ಳಾಗುತ್ತದೆ. ಮೊಣಕಾಲು ಕೊನೆಯ ತನಕ ನಡುಗುತ್ತಲೇ ಇದ್ದವು. ನಡುಗಿದರೆ ನಡುಗಲಿ ಅಂತ ಬಿಟ್ಟೆ. ಮಾತಾಡುವುದು ಮೊಣಕಾಲಲ್ಲವಲ್ಲ.

ಹಾಗಾಗಿ ನನ್ನ ಮಾತು ಕೇಳು. ಮುನ್ನೂರು ಜನ ಅಂತ ಎಣಿಸಬೇಡ. ಮಡಿಲಲ್ಲಿ ಮಗು ಇರುವ ಒಬ್ಬಳನ್ನು ಹುಡುಕಿಕೋ. "ಅಮ್ಮಾ, ಕುದಿಯೋ ಪಾತ್ರೆ ಹಿಡಿಕೇನ ಗೋಡೆ ಕಡೆ ತಿರುಗಿಸು" ಅಂತ ಅವಳಿಗೆ ಹೇಳು. ನನ್ನ ಭಾಷಣ ಕೆಟ್ಟಿದ್ದರೆ ಒಂದು ಟೀ ತಣ್ಣಗಾಗುತ್ತಿತ್ತು, ಅಷ್ಟೇ. ನಿನ್ನ ಮಾತನ್ನು ಅವಳು ಕೇಳದೆ ಹೋದರೆ ಏನಾಗುತ್ತದೆಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಕೈಗೆ, ಕಣ್ಣಿಗೆ, ಮಾತಿಗೆ ಬಲ ಬರಲಿ ಮಗಳೇ. ನಿಮ್ಮತ್ತೆಯೂ ಹರಸಿದ್ದಾಳೆ. ನೀರು ಕುಡಿದು ಹೋಗು ಅಂತ ಹೇಳುತ್ತಿದ್ದಾಳೆ.

ಇಂತಿ,
ನಿನ್ನ ಮಾವ

ಮರೆತ ಮಾತು: ಮರೆತದ್ದಲ್ಲ, ಕೈ ಬರಲಿಲ್ಲ. ನಿನ್ನ ಪತ್ರದ ಕೊನೆಯಲ್ಲಿ, ಒಂಬತ್ತು ವರ್ಷದವಳಿದ್ದಾಗ ಶಾಲೆಯ ವೇದಿಕೆಯ ಮೇಲೆ ಮಾತು ಮರೆತು ನಿಂತದ್ದನ್ನು ಬರೆದಿದ್ದೀಯ. ಕತ್ತಲಲ್ಲಿ ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಯಾವ ಸಭೆಗೆ ಹೋದರೂ ಆ ಮೊದಲ ನಗು ಎಲ್ಲಿ ಕೂತಿದೆಯೋ ಅಂತ ಹುಡುಕುತ್ತೇನೆ ಅಂದಿದ್ದೀಯ.

ಇನ್ನು ಹುಡುಕಬೇಡ. ನಕ್ಕವನು ನಾನು.

ಆ ಭಾಷಣ ಬರೆದುಕೊಟ್ಟವನು ನಾನೇ. ಮರೆತರೆ ನನ್ನ ಕಡೆ ನೋಡು, ತುಟಿ ಆಡಿಸ್ತೀನಿ ಅಂದಿದ್ದೆ. ನೀನು ನೋಡಿದೆ. ದೀಪ ಕಣ್ಣಿಗೆ ಹೊಡೆದು ನಿನಗೆ ನಾನು ಕಾಣಲಿಲ್ಲ, ನನಗೆ ನೀನು ಕಾಣುತ್ತಿದ್ದೆ. ಮುಂದಿನ ಸಾಲು ನನಗೂ ಮರೆತುಹೋಗಿತ್ತು ಗುಬ್ಬಿ. ಇವನೇ ಕಲಿಸಿದ್ದು ಅಂತ ಜನ ನನ್ನ ಕಡೆ ತಿರುಗುವ ಮೊದಲು ನಾನೇ ನಕ್ಕುಬಿಟ್ಟೆ. ಆಮೇಲೆ ಮನೆಯಲ್ಲಿ, ನಕ್ಕವನು ಸಿಕ್ಕರೆ ಹಲ್ಲು ಉದುರಿಸ್ತೀನಿ ಅಂತ ನಿಮ್ಮಮ್ಮನ ಮುಂದೆ ಹಾರಾಡಿದವನೂ ನಾನೇ.

ಇಪ್ಪತ್ತೆರಡಕ್ಕೆ ಬಂದು ಕೂತು ಕೇಳಬೇಕೆಂದು ಆಸೆ ಇದೆ. ಶುಕ್ರವಾರ ದೊಡ್ಡ ಸಿಸ್ಟರ್‌ಗೆ ಹ್ಞೂಂ ಅನ್ನು. ಬೇಡ ಅನ್ನಬೇಕೆನಿಸಿದರೆ, ಬರಬೇಡ ಅಂತ ನನಗೆ ಅನ್ನು.