ನಡು ಸೀಟಿನ ಪೆಟ್ಟಿಗೆ

ಜನವರಿ ೧೨, ಭಾನುವಾರ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿದ್ದೀಯ ಎಂದುಕೊಂಡೇ ಮುಂದಿನ ವಿಷಯಕ್ಕೆ ಬರುತ್ತೇನೆ. ಬರೆಯುವುದು ತಡವಾಯಿತು, ಬೈಯಬೇಡ. ರಜೆ ಶುರುವಾದ ಕೂಡಲೇ ಬರೆಯುತ್ತೇನೆ ಎಂದಿದ್ದೆ. ಈಗ ರಜೆಯೇ ಮುಗಿಯುತ್ತಾ ಬಂತು, ಅರ್ಧ ತುಂಬಿದ ಬ್ಯಾಗ್ ಮಂಚದ ಮೇಲೆ ಬಾಯಿ ತೆರೆದುಕೊಂಡು ಕೂತಿದೆ. ನೀನು ಒಪ್ಪಿಸಿದ ಕೆಲಸ ಆಗಿರಲಿಲ್ಲ, ಅದಕ್ಕೇ ಬರೆಯಲಿಲ್ಲ. "ಫೋನಲ್ಲಿ ಬೇಡ. ನಾನು ವಾಪಸ್ ಬರಬಹುದಾ ಅಂತ ಅಪ್ಪನ ಮುಖ ನೋಡಿ ಕೇಳು. ಅವರು ಏನಂದ್ರೋ ಹಾಗೇ ಬರೆದು ಕಳಿಸು" ಎಂದಿದ್ದೆ ನೀನು. ಒಂದು ಸಾಲಿನ ಪ್ರಶ್ನೆ. ವೈವಾದಲ್ಲಿ ಹೊರಗಿನ ಕಾಲೇಜಿನ ಸರ್ ಎದುರಿಗೆ ಕೂತಿದ್ದಾಗಲೂ ನನ್ನ ಬಾಯಿ ಇಷ್ಟು ಒಣಗಿರಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಕೇಳಿಯೇ ಬಿಡುತ್ತೇನೆ ಎಂದು ಹಲ್ಲುಜ್ಜುತ್ತಿದ್ದೆ. ಹಲ್ಲು ಮಾತ್ರ ಶುಭ್ರವಾಯಿತು.

ಮೊದಲು ಮನೆಯ ಸುದ್ದಿ. ಅಪ್ಪ ಸ್ವಲ್ಪ ಇಳಿದಿದ್ದಾರೆ, ಕಾಯಿಲೆ ಏನಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ತಾವೇ ಬದಲಾಯಿಸಿಕೊಂಡಿದ್ದಾರೆ. ನಿನ್ನ ಹೊಲಿಗೆ ಮಿಷಿನ್ ಇದ್ದ ಜಾಗದಲ್ಲಿ ಏನನ್ನೂ ಇಟ್ಟಿಲ್ಲ, ಗೋಡೆಯ ಮೇಲೆ ಅದರ ಗುರುತು ಹಾಗೇ ಇದೆ. ನನ್ನ ರಿಸಲ್ಟ್ ಬಂದಿಲ್ಲ. ಮ್ಯಾಥ್ಸ್ ಹೋಗುತ್ತದೆ ಅನ್ನಿಸುತ್ತಿದೆ. ಹೋಗದೆಯೂ ಇರಬಹುದು. ಇದನ್ನು ಮಾತ್ರ ಚಿಕ್ಕಮ್ಮನಿಗೆ ಓದಿ ಹೇಳಬೇಡ.

ಇನ್ನು ದೊಡ್ಡ ಸುದ್ದಿ: ಅಪ್ಪ ಪಿಕಪ್ ಗಾಡಿಯ ನಡು ಸೀಟನ್ನು ಕಿತ್ತು ತೆಗೆದಿದ್ದಾರೆ.

ನನ್ನನ್ನು ಕರೆದುಕೊಂಡು ಹೋಗಲು ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಬಾಗಿಲು ತೆಗೆದು ಅಭ್ಯಾಸದಂತೆ ಒಳಗೆ ಸರಿದುಕೊಳ್ಳಲು ಹೋದೆ. ಸರಿಯಲು ಸೀಟೇ ಇರಲಿಲ್ಲ. ಡ್ರೈವರ್ ಸೀಟಿಗೂ ಕಿಟಕಿ ಸೀಟಿಗೂ ನಡುವೆ ಬರೀ ತಗಡು, ಬೋಲ್ಟಿನ ತೂತುಗಳು, ಯಾವುದೋ ಕಾಲದ ಕಡಲೆ ಸಿಪ್ಪೆ. "ಅಲ್ಲೊಂದು ಪೆಟ್ಟಿಗೆ ಮಾಡ್ಬೇಕು" ಎಂದರು ಅಪ್ಪ. ಮೇಲೆ ಮೊಣಕೈ ಊರಲು ಮೆತ್ತೆ, ಒಳಗೆ ಹಗ್ಗ, ಟೇಪು, ಟವೆಲ್ ಹಾಕಲು ಜಾಗ, ಮುಂದೆ ಫೋನಿಗೆ ಒಂದು ಸೀಳು, ನೀರಿಗೆ ಎರಡು ತೂತು. "ನೀನು ಇಂಜಿನಿಯರಲ್ವಾ, ಡ್ರಾಯಿಂಗ್ ಹಾಕಿಕೊಡು." ನಾನಿನ್ನೂ ಮೊದಲನೇ ವರ್ಷ, ಇದುವರೆಗೆ ಕಾಗದದ ಮೇಲೆ ಬೋಲ್ಟಿನ ತಲೆ ಬರೆದದ್ದು ಬಿಟ್ಟರೆ ಏನೂ ಮಾಡಿಲ್ಲ ಎಂದೆ. ಹಾಗಾದರೆ ಬೋಲ್ಟಿನ ತಲೆ ಚೆನ್ನಾಗಿ ಬರುತ್ತದೆ ಬಿಡು ಎಂದರು.

ನಾನು ಕಿಟಕಿ ಪಕ್ಕ, ನಿನ್ನ ಜಾಗದಲ್ಲಿ ಕೂತೆ. ಅಲ್ಲಿಂದ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತದೆ. ನನಗೆ ಗೊತ್ತಿರಲಿಲ್ಲ.

ನಡು ಸೀಟಿನಿಂದ ಏನು ಕಾಣುತ್ತಿತ್ತು, ಏನು ಕೇಳುತ್ತಿತ್ತು ಅನ್ನುವುದು ಮಾತ್ರ ನನಗೆ ಬಾಯಿಪಾಠ. ಗೇರ್ ರಾಡಿನ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು. "ಕಿಟಕಿ ಮುಚ್ಚೋಕೆ ಹೇಳು ನಿಮ್ಮಮ್ಮಂಗೆ, ಧೂಳು." "ಸೆಕೆ ಆಗ್ತಿದೆ ಅಂತ ಹೇಳು ನಿಮ್ಮಪ್ಪಂಗೆ." ಇಬ್ಬರಿಗೂ ಕಿವಿ ಚೆನ್ನಾಗಿತ್ತು. ನಾನು ಏನೂ ಹೇಳಬೇಕಿರಲಿಲ್ಲ, ಕತ್ತು ಮಾತ್ರ ಆ ಕಡೆಯಿಂದ ಈ ಕಡೆಗೆ ತಿರುಗಿಸಬೇಕಿತ್ತು. ಎಲ್ಲರ ಮನೆಯಲ್ಲೂ ಅಪ್ಪ ಅಮ್ಮ ಹೀಗೇ ಮಾತಾಡುತ್ತಾರೆ ಎಂದುಕೊಂಡಿದ್ದೆ. ಸ್ಕೂಲ್ ಹಾಸ್ಟೆಲ್ಲಿಗೆ ಸೇರಿದ ಮೇಲೆ ಉಳಿದವರು ಹೇಳಿದ್ದನ್ನು ಕೇಳಿ ಅಲ್ಲ ಎಂದು ಗೊತ್ತಾಯಿತು. ನೀವು ಜಗಳವಾಡಿದ್ದನ್ನು ನಾನು ನೋಡಿಲ್ಲ. ಜಗಳಕ್ಕೂ ನೇರ ಮಾತು ಬೇಕಲ್ಲ.

ಅಪ್ಪ ಊರವರ ಮನೆ ಸಾಮಾನನ್ನೆಲ್ಲ ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸುವವರು. ಹೋದ ವರ್ಷ ನಿನ್ನ ಸಾಮಾನನ್ನೂ ಅವರೇ ಚಿಕ್ಕಮ್ಮನ ಮನೆಗೆ ಸಾಗಿಸಿದರು. ಮಿಷಿನ್ನಿಗೆ ಕಂಬಳಿ ಸುತ್ತಿ, ಗೀರು ಬೀಳದಂತೆ, ಗಿರಾಕಿಯ ಸಾಮಾನಿಗಿಂತ ಹೆಚ್ಚು ಹುಷಾರಾಗಿ ಕಟ್ಟಿದ್ದರು. ಅವತ್ತೂ ನಾನು ನಡುವೆ. "ಫ್ಯಾನೂ ಹೋಗುತ್ತಾ ಅಂತ ಕೇಳು" ಎಂದರು. "ಫ್ಯಾನು ಅವರಿಗೇ ಇರಲಿ ಅಂತ ಹೇಳು" ಎಂದೆ ನೀನು. ಮುನ್ನೂರು ಕಿಲೋಮೀಟರಿಗೆ ಅಷ್ಟೇ ಮಾತು.

ಪೆಟ್ಟಿಗೆ ಕೆಲಸ ನಡೆದದ್ದು ನಮ್ಮ ಬೀದಿ ತಿರುವಿನ ಬಡಗಿ ಶೆಡ್ಡಿನಲ್ಲಿ. ನೀನು ಗರಗಸ ಎಂದು ಹೆಸರಿಟ್ಟಿದ್ದೆಯಲ್ಲ, ಬಾಯಿ ತೆರೆದರೆ ಕೊಯ್ಯುವ ಬಡಗಿ ಮಾಮ, ಅವರದೇ. ಮರಕ್ಕೆ ಎಲ್ಲೂ ಹೋಗಬೇಕಾಗಲಿಲ್ಲ. ಮನೆ ಖಾಲಿ ಮಾಡಿದ ಯಾರೋ ಒಂದು ಹಳೆ ತೇಗದ ಬೀರುವನ್ನು ಹೊಸ ಮನೆಗೆ ಹೊಂದುವುದಿಲ್ಲ ಎಂದು ಬಿಟ್ಟುಹೋಗಿದ್ದರಂತೆ. ಅದರ ಎರಡು ಬಾಗಿಲು ನಮ್ಮ ಮಾಳಿಗೆಯಲ್ಲಿದ್ದವು. ರಂದ ಹೊಡೆದು ಕೀಸಿದಾಗ ಕಪ್ಪು ಪಾಲಿಶಿನ ಕೆಳಗೆ ಜೇನಿನ ಬಣ್ಣದ ಮರ ಬಂತು. ಅಪ್ಪ ಅಂಗೈಯಿಂದ ಸವರಿ ನೋಡಿ, ಮುಂದಿನ ಹಲಗೆ ತೆಗೆದುಕೊಂಡರು.

ನನ್ನ ಡ್ರಾಯಿಂಗ್ ನೋಡಲು ಚೆನ್ನಾಗಿತ್ತು. ಮುಚ್ಚಳದ ಕೀಲನ್ನು ಅಪ್ಪನ ಕಡೆಗೇ ಹಾಕಿದ್ದೆ. ತೆಗೆದರೆ ಮುಚ್ಚಳ ಅವರ ಪಕ್ಕೆಗೆ ಬಡಿಯುತ್ತಿತ್ತು. "ಅಪ್ಪನ ಮೇಲೆ ಏನೋ ಸಿಟ್ಟಿದೆ ಹುಡುಗಿಗೆ" ಎಂದರು ಗರಗಸ. ಅಪ್ಪ ನಕ್ಕು ಕೀಲನ್ನು ಹಿಂದಕ್ಕೆ ಬರೆದರು. ಅಳತೆ ತೆಗೆದದ್ದು ಅಪ್ಪನೇ. ಮನೆ ಮುಂದಿನ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಟೇಪ್ ಹಿಡಿದು ಒಳಗೆ ಮಂಡಿಯೂರಿದರು. ಹೇಳಿದ ಅಂಕೆಗಳನ್ನು ನಾನು ಬರೆದುಕೊಂಡೆ. ಒಮ್ಮೆ ಅಳೆದು, ಸುಮ್ಮನೆ ಇನ್ನೊಮ್ಮೆ ಅಳೆದೆವು. ಎರಡು ಸಲವೂ ಒಂದೇ ಬಂತು.

ಕೇಳಲು ಸಮಯ ಬೇಕಾದಷ್ಟಿತ್ತು. ಹಲಗೆಯ ಒಂದು ತುದಿ ಅವರು, ಒಂದು ತುದಿ ನಾನು ಹಿಡಿದಿರುತ್ತಿದ್ದೆವು. ಅಂಟು ಒಣಗುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ಕೂತಿರುತ್ತಿದ್ದೆವು. ಆದರೆ ಅಪ್ಪ ಬೇಡ ಅಂದರೆ ಅದನ್ನು ನಿನಗೆ ಹೇಗೆ ಬರೆಯುವುದು ಎಂದೇ ನಾನು ಯೋಚಿಸುತ್ತಿದ್ದೆ. ಪೂರ್ತಿ ಪತ್ರವೇ ತಲೆಯಲ್ಲಿ ಸಿದ್ಧವಿತ್ತು, ಕೊನೆಯ ಸಮಾಧಾನದ ಮಾತಿನ ಸಮೇತ. ಉಪ್ಪು ಕಾಗದದಿಂದ ಅಂಚು ಉಜ್ಜುತ್ತಲೇ ಇದ್ದೆ. "ಸಾಕು ಇಂಜಿನಿಯರ್ರೇ, ಇನ್ನೂ ಉಜ್ಜಿದ್ರೆ ಹಲಗೆ ದಾಟಿ ಆ ಕಡೆಗೆ ಬರ್ತೀರಾ" ಎಂದರು ಗರಗಸ.

ಮಧ್ಯೆ ಒಮ್ಮೆ ಅವರು ಅಪ್ಪನನ್ನು ಕೇಳಿದರು, ಮೂರು ಜನ ಕೂರುವ ಗಾಡಿಯನ್ನು ಯಾಕಯ್ಯ ಇಬ್ಬರದ್ದು ಮಾಡುತ್ತಿದ್ದೀಯ ಎಂದು. "ಮಗಳು ಉದ್ದ ಆದ್ಲು" ಎಂದರು ಅಪ್ಪ. "ನಡುವೆ ಕೂತ್ರೆ ಕಾಲು ಎಲ್ಲಿಡ್ತಾಳೆ?" ನನ್ನ ಕಾಲನ್ನು ಮೂವರೂ ನೋಡಿದೆವು.

ಪೆಟ್ಟಿಗೆ ಮುಗಿಯಿತು. ನಿಜಕ್ಕೂ ಚೆನ್ನಾಗಿತ್ತು ಅಮ್ಮ. ಹೊತ್ತು ತಂದು ನಿಂತ ಗಾಡಿಯೊಳಗೆ ಇಳಿಸಿದೆವು. ಕೂದಲೆಳೆ ಸಂದಿಲ್ಲದಂತೆ ಕೂತಿತು. ಬೋಲ್ಟ್ ಬಿಗಿದೆವು. ಅಪ್ಪ ಮೊಣಕೈ ಊರಿ ನೋಡಿದರು. ಎದುರು ಮನೆಯವರೂ ಬಂದು ನೋಡಿದರು. ಬನ್ನಿ ಒಂದು ರೌಂಡ್ ಹೋಗೋಣ ಎಂದು ಅಪ್ಪ ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡ್‌ಬ್ರೇಕ್ ಇಳಿಸಲು ಹೋದರು. ಅದು ಇಳಿಯಲಿಲ್ಲ. ಅರ್ಧಕ್ಕೆ ಬಂದು ಪೆಟ್ಟಿಗೆಯ ಮೂಲೆಗೆ ಟಕ್ ಎಂದು ತಾಗಿ ನಿಂತಿತು. ಇನ್ನೊಮ್ಮೆ ಒತ್ತಿದರು. ಟಕ್. ಬ್ರೇಕ್ ಎಳೆದು ನಿಲ್ಲಿಸಿದ್ದ ಗಾಡಿಯಲ್ಲಿ ಅಳತೆ ತೆಗೆದಿದ್ದೆವು. ಆ ಲಿವರ್ ಕೆಳಗೆ ಮಲಗಲು ಎಷ್ಟು ಜಾಗ ಬೇಕೆಂದು ನೆನಪಾಗಲಿಲ್ಲ, ದಿನಕ್ಕೆ ಹತ್ತು ಸಲ ಅದನ್ನು ಇಳಿಸುವ ಅಪ್ಪನಿಗೂ.

ಗರಗಸ ಬಾಗಿಲಿಗೆ ಒರಗಿ ನಿಂತಿದ್ದರು. "ಚೆನ್ನಾಗಿದೆ ಕಣಯ್ಯ. ಗಾಡಿ ನಿಂತಿರೋವರೆಗೂ ಒಳ್ಳೇ ಪೆಟ್ಟಿಗೆ. ಹೊರಟ್ರೆ ಮಾತ್ರ ಆಗಲ್ಲ."

ಅಪ್ಪ ಇಂಜಿನ್ ಆಫ್ ಮಾಡಿ ಬಹಳ ಹೊತ್ತು ನಕ್ಕರು. ಅವರು ಹಾಗೆ ನಕ್ಕದ್ದನ್ನು ಯಾವಾಗ ನೋಡಿದ್ದೆನೋ ಗೊತ್ತಿಲ್ಲ. ನನಗೆ ನಗು ಬರಲಿಲ್ಲ. ನಿಂತ ಗಾಡಿಯಲ್ಲಿ ಅಳತೆ ತೆಗೆದ ಹಾಗೆಯೇ ನೀವು ನನ್ನನ್ನೂ ನಾನು ನಿಮ್ಮನ್ನೂ ನೋಡಿರುವುದು ಬರೀ ರಜೆಯಲ್ಲಿ ಎಂದು ಯಾಕೋ ಹೊಳೆಯಿತು. ಆಮೇಲೆ ನಾನೂ ನಕ್ಕೆ.

ಬಿಚ್ಚಿ ಮತ್ತೆ ಶೆಡ್ಡಿಗೆ ಹೊತ್ತೆವು. ಲಿವರ್ ಮಲಗುವ ಕಡೆ ಒಂದು ಪಟ್ಟಿ ಕೊಯ್ದು ತೆಗೆದು, ಒಳಗೆ ಹೊಸ ಹಲಗೆ ಕೂರಿಸಬೇಕಾಯಿತು. ಈಗ ಪೆಟ್ಟಿಗೆಯ ಒಂದು ಪಕ್ಕ ಹೊಟ್ಟೆ ಎಳೆದುಕೊಂಡು ನಿಂತವರ ಹಾಗಿದೆ. ಬ್ರೇಕ್ ಇಳಿಯುತ್ತದೆ.

ನಿನ್ನೆ ಮಧ್ಯಾಹ್ನ ಗಾಡಿ ಹೊರಟಿತು. ಅಪ್ಪ ಸ್ಟಿಯರಿಂಗಿನಲ್ಲಿ, ನಾನು ಕಿಟಕಿಯಲ್ಲಿ, ಪೆಟ್ಟಿಗೆ ನಡುವೆ. ಇಬ್ಬರೂ ರಸ್ತೆ ನೋಡುತ್ತಿದ್ದೆವು. ಮುಖ ನೋಡಿ ಕೇಳು ಎಂದಿದ್ದೆ, ಅದಾಗಲಿಲ್ಲ, ಕ್ಷಮಿಸು. ಪೆಟ್ರೋಲ್ ಬಂಕ್ ದಾಟಿದ ಮೇಲೆ ಕೇಳಿದೆ. "ಅಪ್ಪ, ಅಮ್ಮ ವಾಪಸ್ ಬರಬಹುದಾ ಅಂತ ಕೇಳಿದ್ದಾಳೆ."

ಅವರು ಗೇರ್ ಬದಲಾಯಿಸಿದರು. ಮುಂದೆ ಒಬ್ಬ ಸೈಕಲಿನವನು ಅಡ್ಡ ಬಂದ, ಅವನು ಹೋಗುವವರೆಗೆ ಕಾದರು. ಆಮೇಲೆ, "ನಿಮ್ಮಮ್ಮಂಗೆ ಹೇಳು..." ಎಂದು ಎಡಕ್ಕೆ ಕತ್ತು ತಿರುಗಿಸಿ ನಡುವೆ ನೋಡಿದರು. ಅಲ್ಲಿ ಪೆಟ್ಟಿಗೆ ಇತ್ತು. ಮಾತು ಅಲ್ಲಿಗೇ ನಿಂತಿತು. ನಾನೂ ಪೆಟ್ಟಿಗೆ ನೋಡಿದೆ.

"ಏನಂತ ಹೇಳ್ಲಿ?" ಎಂದೆ.

"ಬೇಡ ಬಿಡು. ನಾನೇ ಹೇಳ್ತೀನಿ."

ಅಷ್ಟೇ ಅಮ್ಮ. ಹಾಗೇ ಬರೆದಿದ್ದೇನೆ, ಒಂದಕ್ಷರ ಸೇರಿಸಿಲ್ಲ. ಹಾಗಾಗಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಈ ಪತ್ರದಲ್ಲಿ ಇಲ್ಲ. ಅವರೇ ಫೋನ್ ಮಾಡುತ್ತಾರೆ. ಈ ಪತ್ರ ಸೇರುವ ಮೊದಲೇ ಮಾಡಿರಬಹುದು. ಮಾಡದಿದ್ದರೆ ಕಾಯಿ. ನೀನು ಎತ್ತಿದ ಕೂಡಲೇ ಅವರು "ಹ್ಞೂಂ, ಹೇಳು" ಅನ್ನುತ್ತಾರೆ, ಫೋನ್ ನೀನೇ ಮಾಡಿದ್ದೇನೋ ಅನ್ನುವ ಹಾಗೆ. ಅದು ಸಿಟ್ಟಲ್ಲ. ನಡುವೆ ಸದ್ದೇ ಇಲ್ಲದಿದ್ದರೆ ಲೈನ್ ಕಟ್ಟಾಗಿದೆ ಎಂದು ಇಟ್ಟುಬಿಡಬೇಡ, ಯೋಚಿಸುತ್ತಿರುತ್ತಾರೆ. ನೀನೂ ಸುಮ್ಮನಾಗಿ ಅವರಿಂದಲೇ ಎಲ್ಲ ಬರಲಿ ಎಂದು ಕೂರಬೇಡ. ಇಬ್ಬರಲ್ಲಿ ಯಾರೂ "ಮಗಳಿಗೆ ಹೇಳಿದ್ದೆನಲ್ಲ" ಅನ್ನುವ ಹಾಗಿಲ್ಲ. ನನಗೆ ನಾಳೆಯಿಂದ ಕ್ಲಾಸು.

ಹುಷಾರಾಗಿರು. ಸೂಜಿಗೆ ದಾರ ಪೋಣಿಸುವಾಗ ಕಣ್ಣು ನೋಯುತ್ತದೆ ಎನ್ನುತ್ತಿದ್ದೆ, ತೋರಿಸಿಕೋ. ಚಿಕ್ಕಮ್ಮನಿಗೆ ನಮಸ್ಕಾರ. ಮ್ಯಾಥ್ಸಿಗೊಂದು ಆಶೀರ್ವಾದ ಬೇರೆಯಾಗಿಯೇ ಮಾಡು, ಒಟ್ಟಿಗೆ ಮಾಡಿದರೆ ಅದಕ್ಕೆ ತಲುಪುವುದಿಲ್ಲ.

ನಿನ್ನ
ಉದ್ದ ಆದ ಮಗಳು

ಮರೆತಿದ್ದು: ಸ್ಕೂಲ್ ಹಾಸ್ಟೆಲ್ಲಿನಲ್ಲಿ ವಾರ್ಡನ್ ಮಿಸ್ ನಮ್ಮ ಪತ್ರಗಳನ್ನು ಸಹಿಯವರೆಗೆ ಓದಿ ವಾಪಸ್ ಕೊಡುತ್ತಿದ್ದರು. ಅಂಟು ಹಚ್ಚುವ ಮೊದಲು ನಾವು ನಿಜವಾದ ವಿಷಯವನ್ನು ಸಹಿಯ ಕೆಳಗೆ ಬರೆಯುತ್ತಿದ್ದೆವು. ಅದಕ್ಕೇ ನೀನು ನನ್ನ ಪತ್ರ ಕೆಳಗಿನಿಂದ ಓದುವುದು. ಈಗಲೂ ಹಾಗೇ ಮಾಡಿದ್ದರೆ ಮೊದಲು ಮೇಲೆ ಹೋಗಿ ಓದಿಕೊಂಡು ಬಾ.

ನೀರಿಡುವ ತೂತು ಎರಡು ಎಂದೆನಲ್ಲ. ಅಪ್ಪನ ಕಡೆಯದಕ್ಕೆ ಅವರ ಬಾಟಲಿ ಸರಿಯಾಗಿದೆ. ಕಿಟಕಿ ಕಡೆಯದಕ್ಕೆ ನನ್ನ ಕಾಲೇಜಿನ ಬಾಟಲಿ ಇಟ್ಟೆ, ಒಂದು ಪಕ್ಕಕ್ಕೆ ವಾಲಿ ದಾರಿಯುದ್ದಕ್ಕೂ ಕಟಕಟ ಅನ್ನುತ್ತಿತ್ತು. ಮನೆಗೆ ಬಂದು ಅಡುಗೆಮನೆಯಲ್ಲಿ ನೀನು ಬಿಟ್ಟುಹೋದ ದಪ್ಪ ಸ್ಟೀಲ್ ಫ್ಲಾಸ್ಕ್ ತೆಗೆದುಕೊಂಡು ಹೋಗಿ ಇಟ್ಟು ನೋಡಿದೆ. ಅಲುಗಾಡದೆ ಕೂತಿತು. ಆ ತೂತಿನ ಅಳತೆಯನ್ನು ಅಪ್ಪ ನನಗೆ ಮೊದಲ ದಿನವೇ ಹೇಳಿ ಬರೆಸಿದ್ದರು. ನಾನು ಕೇಳಲು ಹೆದರುತ್ತಿದ್ದಾಗಲೇ ಅವರು ಅದನ್ನು ಕೊರೆದಾಗಿತ್ತು. ಹಾಗಾದರೆ ಉತ್ತರ ಈ ಪತ್ರದಲ್ಲೇ ಇದೆ. ನೀನು ಬಾ. ನನಗೆ ಸಂತೋಷವೇ.

ನೀವಿಬ್ಬರೂ ಕೂತರೆ ನಾನೆಲ್ಲಿ ಕೂರಲಿ ಎಂದು ಅಪ್ಪನನ್ನು ತಮಾಷೆಗೆ ಕೇಳಿದೆ. ಹಿಂದೆ ಸಾಮಾನಿನ ಜೊತೆ, ಹಗ್ಗ ಕಟ್ಟಿ ಕೂರಿಸುತ್ತೇನೆ ಎಂದು ಅವರೂ ತಮಾಷೆಗೇ ಅಂದರು.

ನಾನು ಐದನೇ ಕ್ಲಾಸಿಗೆ ಹೋಗುವ ವರ್ಷ ಹಾಸ್ಟೆಲ್ಲಿಗೆ ಬಿಡಲು ಮೂವರೂ ಇದೇ ಗಾಡಿಯಲ್ಲಿ ಹೋದೆವು. ಹೋಗುವಾಗ ನಾನು ನಡುವೆ ಇದ್ದೆ. ಬರುವಾಗ ಆ ಸೀಟು ಖಾಲಿ. ಗೇಟಿನಲ್ಲಿ ನಿಂತು ನೋಡುತ್ತಿದ್ದೆ, ಹಿಂದಿನ ಗಾಜಿನಲ್ಲಿ ನಿಮ್ಮಿಬ್ಬರ ತಲೆ, ನಡುವೆ ಬೆಳಕು. ಆವತ್ತು ದಾರಿಯಲ್ಲಿ ನೀವಿಬ್ಬರೂ ಮಾತಾಡಿದಿರಾ ಅಮ್ಮ? ಮಾತಾಡಲು ಅನುಕೂಲವಾಗಲಿ ಎಂದೇ ನನ್ನನ್ನು ಅಲ್ಲಿ ಬಿಟ್ಟಿರಾ? ಇಷ್ಟು ವರ್ಷ ಕೇಳಬೇಕೆಂದುಕೊಂಡೇ ಇದ್ದೆ. ಅಪ್ಪನ ಕೈಯಲ್ಲಿ ಹೇಳಿ ಕಳಿಸಬೇಡ. ನೀನೇ ಬರೆ.