ರುದ್ರಾಣಿಯ ಪೂರ್ವಕಥೆ, ಆರನೇ ಕಂತು

ಫೆಬ್ರವರಿ 3, 1988. ಸಿಂಧನೂರು

ಆಫೀಸಿನಲ್ಲಿ ಕಾಲುವೆ ನೀರಿನ ಪತ್ರಗಳು ಇಪ್ಪತ್ತೆರಡು. ಟೈಪ್ ಮಾಡಿ ಮಾಡಿ ಬೆರಳು ಹಿಡಿದುಕೊಂಡಿವೆ. ಊಟದ ಬಿಡುವಿನಲ್ಲಿ ನಮ್ಮ ಕೆಲಸ — ಪೂರ್ವಕಥೆಯ ಐದನೇ ಕಂತಿನ ಸ್ಟೆನ್ಸಿಲ್ ಮುಗಿಸಿದೆ.

ವಾರಪತ್ರಿಕೆಯ ಧಾರಾವಾಹಿ ‘ಏಳು ಸೂರ್ಯರ ಸಮರ’ದಲ್ಲಿ ಗಗನನೌಕೆಯ ನಾಯಕಿ ರುದ್ರಾಣಿಯನ್ನು ಅನಾಥೆ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಓದುಗರಾದ ನಮಗೆ ಅದು ಹಿಡಿಸಲಿಲ್ಲ. ಆಕೆಯ ಹಿಂದಿನ ಕಥೆಯನ್ನು ನಾವೇ ತಿದ್ದಿ ಬರೆಯುತ್ತಿದ್ದೇವೆ. ಮಸ್ಕಿಯ ಗ್ಯಾನಪ್ಪ ಮಾಸ್ತರು ಮುಂದಾಳು; ಆಗಾಗ ಅವರ ಶಾಲೆಯಲ್ಲಿ ಬರೆಯುವವರ ಕೂಟ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರಿನವರು ಸರದಿಯ ಮೇಲೆ ಬರೆದು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾರೆ. ನಾನು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ, ಅದರಿಂದ ನಲವತ್ತು ಪ್ರತಿ ತೆಗೆಯುತ್ತೇನೆ. ನನ್ನ ಹೆಸರು ಎಲ್ಲೂ ಇಲ್ಲ. ಬರೆದವರ ಒಂದಕ್ಷರವನ್ನೂ ಟೈಪಿಸ್ಟ್ ಬದಲಿಸಬಾರದು ಎಂಬುದು ಮಾಸ್ತರ ಕಟ್ಟಪ್ಪಣೆ.

ಫೆ. 9

ಲಿಂಗಸುಗೂರಿನಿಂದ ಆರನೇ ಕಂತು ಬಂತು. ಹೆಸರನ್ನು ಎರಡು ಸಲ ಓದಿದೆ. ಶೇಖಮ್ಮ, ತಂದೆ ಆದೆಪ್ಪ, ಹತ್ತನೇ ಕ್ಲಾಸು.

ನನ್ನ ಮಗಳು. ನಾಲ್ಕು ವರ್ಷದವಳನ್ನು ಬಿಟ್ಟು ಬಂದೆ. ಈಗ ಹದಿನೈದು. ದುಂಡನೆಯ ಅಕ್ಷರ, ಒತ್ತಿ ಬರೆಯುತ್ತಾಳೆ... ಹಾಳೆಯ ಹಿಂಭಾಗ ಮುಟ್ಟಿದರೆ ತಿಳಿಯುತ್ತದೆ.

ಫೆ. 10

ಓದಿದೆ. ಓದಬಾರದಿತ್ತು.

ಮಂದಾರ ಗ್ರಹ. ರುದ್ರಾಣಿಗೊಬ್ಬ ಪುಟ್ಟ ಮಗಳು. ನೌಕೆಯಲ್ಲಿ ಕೆಲಸ ಸಿಕ್ಕಿತೆಂದು, ಮಲಗಿದ್ದ ಮಗಳನ್ನು ಬಿಟ್ಟು ಹೋಗುತ್ತಾಳೆ. ಕೊನೆಯ ಸಾಲು — ‘ಅವಳು ತಿರುಗಿ ಬರಲಿಲ್ಲ. ಅವಳಿಗೆ ನಕ್ಷತ್ರಗಳು ಬೇಕಾಗಿದ್ದವು.’

ಯಾವ ನಕ್ಷತ್ರ? ನಾನು ಹೋದದ್ದು ರಾಯಚೂರಿಗೆ, ಟೈಪಿಂಗ್ ಪರೀಕ್ಷೆಗೆ. ಗಂಡ ಕುಡಿದು ಹೊಡೆಯುತ್ತಿದ್ದ. ಒಂದು ನೌಕರಿ ಹಿಡಿದು ಮಗಳನ್ನು ಕರೆದೊಯ್ಯೋಣ ಎಂದುಕೊಂಡಿದ್ದೆ. ವಾರಕ್ಕೆ ಮರಳಿದಾಗ ಗಂಡನ ಅಕ್ಕ ಗದ್ದೆಮ್ಮ ಒಳಗಿನಿಂದ ಬಾಗಿಲು ಹಾಕಿಕೊಂಡಿದ್ದಳು. ಮಗಳಿಗೆ ಇದನ್ನು ಯಾರೂ ಹೇಳಿಲ್ಲ.

ಫೆ. 12

ಮಾಡಬಾರದ್ದನ್ನು ಮಾಡಿದೆ. ಕೊನೆಯ ಸಾಲು ತೆಗೆದು ನನ್ನದು ಹಾಕಿದೆ. ರುದ್ರಾಣಿ ತಿರುಗಿ ಬರುತ್ತಾಳೆ. ಏಳು ದಿನ ಬಾಗಿಲು ಬಡಿಯುತ್ತಾಳೆ. ಯಾರೂ ತೆರೆಯುವುದಿಲ್ಲ.

ನಲವತ್ತು ಪ್ರತಿ ಹೋಗಿಯಾಯಿತು. ಮಗಳ ಹೆಸರಿನ ಕೆಳಗೆ ನನ್ನ ಮಾತು — ನನ್ನಂಥ ಕಳ್ಳಿ ಇಲ್ಲ. ಆದರೂ ಅವಳು ಓದುತ್ತಾಳೆ. ಓದಲಿ.

ಫೆ. 20

ಪಕ್ಕದ ಮನೆಯ ಮೈಮುನಾಬಿ ಪ್ರತಿ ಹಿಡಿದು ಬಂದಳು, ಕಣ್ಣು ಒರೆಸಿಕೊಳ್ಳುತ್ತಾ. “ಯಮನಮ್ಮಕ್ಕಾ, ಏಳು ದಿನ ಬಾಗಿಲಾ ಬಡದಾಳ ನೋಡ್ರಿ, ಪಾಪ. ಹಡದಾಕಿ ಸಂಕಟಾನ ಈ ಹುಡುಗಿ ಎಷ್ಟು ಚಂದ ಬರದಾಳ.”

ಹೂಂ ಎಂದೆ. ಲಿಂಗಸುಗೂರಿನಿಂದ ಸುದ್ದಿಯಿಲ್ಲ.

ಫೆ. 26

ಬಂತು. ಶೇಖಮ್ಮನ ಪತ್ರ, ‘ಟೈಪಿಸ್ಟರಿಗೆ’ ಎಂದಷ್ಟೇ ವಿಳಾಸ. ಹಾಗೇ ಇಳಿಸಿಕೊಳ್ಳುತ್ತೇನೆ.

“ಆಕಿ ತಿರುಗಿ ಬಂದ್ಲು ಅಂತ ನಾ ಬರದಿಲ್ಲ. ನೀವು ಬರದೀರಿ. ಎಲ್ಲಾರೂ ಚಲೋ ಅದ ಅಂತಾರ. ನಾ ಹನ್ನೊಂದು ವರ್ಷ ಆ ಬಾಗಿಲದ ಒಳಗ ಇದ್ದೀನಿ. ಏಳು ದಿನ ಯಾರೂ ಬಡದಿಲ್ಲ. ಆಕೀನ್ನ ಒಳ್ಳ್ಯಾಕಿ ಮಾಡಾಕ ನನ್ನ ಹೆಸರು ಯಾಕ ಬೇಕಾತ್ರಿ? ನನ್ನ ಸಾಲು ನನಗ ಕೊಡ್ರಿ. ಮಸ್ಕಿ ಕೂಟಕ್ಕ ಬರ್ತೀನಿ.”

ಮಾರ್ಚ್ 2

ಕೂಟಕ್ಕೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೆ. ಮಾಸ್ತರು ಆಫೀಸಿಗೇ ಬಂದರು. “ಹುಡುಗಿ ಬರದಿದ್ದ ಸಾಲಿಗೆ ಕೈ ಹಚ್ಚೀರಂತ, ಖರೇ ಏನ್ರೀ? ಆಕಿ ಬರದ ಹಾಳಿ ಎಲ್ಲೈತಿ?”

“ಕಳದೈತ್ರೀ ಸರ್.” ಸುಳ್ಳು. ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ.

“ರವಿವಾರ ಕೂಟಕ್ಕ ನೀವಾ ಬಂದು ಹೇಳ್ರಿ. ಹುಡುಗಿ ಇನ್ನ ಬರಿಯೂದಿಲ್ಲ ಅಂತ ಕುಂತಾಳ.”

ಅವಳು ನನ್ನ ತನಕ ಬಂದ ಒಂದೇ ದಾರಿ ಅವಳ ಬರಹ. ಅದನ್ನೂ ನಾನೇ ಮುಚ್ಚಿದೆನೇ?

ಮಾ. 6, ರವಿವಾರ ಸಂಜೆ

ಮಸ್ಕಿಯ ಶಾಲೆ. ಹನ್ನೊಂದು ಜನ. ಎರಡು ಜಡೆ, ಅಪ್ಪನ ಗದ್ದ. ಹಣೆ ನನ್ನದು. ನೇರ ಎದುರಿಗೆ ಬಂದು ನಿಂತಳು.

“ಟೈಪ್ ಮಾಡಿದಾಕಿ ನೀವಾ ಏನ್ರೀ?”

“ಹೂಂ.”

“ಆಕಿ ತಿರುಗಿ ಬಂದ್ಲಂತ ನಿಮಗ ಯಾರು ಹೇಳಿದ್ರು?”

“ನಾ ಬಂದಿದ್ದೆ, ಶೇಖಮ್ಮ.”

ಅವಳ ಕಣ್ಣು ನನ್ನ ಹಣೆಯ ಮೇಲೆ ನಿಂತಿತು.

“ಎಷ್ಟು ದಿನ ಬಡದಿ?”

ನಾಲಿಗೆಯ ತುದಿಗೆ ಏಳು ಬಂತು. ಸುಳ್ಳು ಹೇಳಲು ಆಗಲಿಲ್ಲ. “ಒಂದಾ ಸಲ.”

“ಆಮ್ಯಾಲ?”

“ಬಸ್ ಹೊಂಟಿತ್ತು.”

ಹನ್ನೊಂದು ವರ್ಷ ಇದನ್ನು ನನಗೇ ಹೇಳಿಕೊಂಡಿರಲಿಲ್ಲ. ಅಂದು ಗಂಡನ ಹೊಡೆತಕ್ಕೆ ಹೆದರಿದೆ. ಆಮೇಲೆ ಮಗಳು ಏನನ್ನುತ್ತಾಳೋ ಎಂದೇ ಹೆದರಿದೆ. ಅವಳು ಕೈ ಚಾಚಿದಳು. ಟ್ರಂಕಿನಿಂದ ಬ್ಯಾಗಿಗೆ ಹಾಕಿಕೊಂಡು ತಂದಿದ್ದ ಅವಳ ಹಾಳೆಗಳನ್ನು ತೆಗೆದು ಕೊಟ್ಟೆ. ಲಿಂಗಸುಗೂರಿನ ಬಸ್ಸು ಹತ್ತಿ ಹೋದಳು.

ಮಾ. 19

ಇಷ್ಟು ದಿನ ಏನೂ ಬರೆಯಲಿಲ್ಲ. ಇಂದು ಕಂಡಕ್ಟರ್ ಲಕೋಟೆ ಕೊಟ್ಟ. ಏಳನೇ ಕಂತು, ಒಂದೇ ಹಾಳೆ. ಅದೇ ಒತ್ತಿ ಬರೆದ ಅಕ್ಷರ.

‘ರುದ್ರಾಣಿ ಒಂದು ಸಲ ಬಾಗಿಲು ಬಡಿದಳು. ಮಗಳಿಗೆ ಕೇಳಿಸಿತು. ಎದ್ದು ಓಡಿದಳು. ಸೋದರತ್ತೆ ಹಿಡಿದು ಬಾಯಿ ಮುಚ್ಚಿದಳು. ಇನ್ನೊಂದು ಸಲ ಬಡಿದಿದ್ದರೆ ಅತ್ತೆಯ ಕೈ ಕಚ್ಚಿ ಬಿಡಿಸಿಕೊಂಡು ಬರುತ್ತಿದ್ದಳು.’

ಅಷ್ಟೇ. ಕೆಳಗೆ ಹೆಸರು.

ನಲವತ್ತು ಪ್ರತಿ ತೆಗೆಯಬೇಕು. ಮೆಷಿನಿಗೆ ಸ್ಟೆನ್ಸಿಲ್ ಏರಿಸಿದೆ. ‘ಬಾಯಿ ಮುಚ್ಚಿದಳು’ ತನಕ ಟೈಪ್ ಮಾಡಿದೆ. ಮುಂದಿನ ಸಾಲು ಈ ಮೂರು ಪದಕ್ಕೇ ನಿಂತಿದೆ: ಇನ್ನೊಂದು ಸಲ ಬಡಿದಿದ್ದರೆ