ನಾಲ್ಕನೆಯ ಬಂಡೆ

ಮೇ 14, ಬೆಳಿಗ್ಗೆ
ಗಂಜಿ ಕುಡಿದೆ. ಕಿವಿಗೆ ಮದ್ದು ಬಿಟ್ಟುಕೊಂಡೆ. ಟ್ಯಾಬ್ ತೆರೆದರೆ ಕೆಂಪು ಪಟ್ಟಿ — ಭದ್ರತೆಗಾಗಿ ನಿಮ್ಮ ಖಾತೆ ಮುಚ್ಚಲಾಗಿದೆ, ಗುರುತಿನ ಚೀಟಿಯ ಫೋಟೊ ಕಳಿಸಿ.
ಹೋದ ವಾರವಷ್ಟೇ ಪೊಲೀಸರು ಬಂದು ಮುದುಕಿಯರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು: "ಅಜ್ಜಿಯರೇ, ಯಾರು ಕೇಳಿದ್ರೂ ಚೀಟಿ ಕಳಿಸ್ಬೇಡಿ. ಕೇಳೋನೇ ಕಳ್ಳ."
ಕಳ್ಳನೇ. ಅಳಿಸಿದೆ.

ಮೇ 17
ಮತ್ತೆ ಬಂತು. ಸೊಸೆ ಯಂಗ್‌ಮಿ ಓದಿ, "ಕಳ್ಳ ಅಲ್ಲ ಅತ್ತೆ, ಕಂಪನಿಯವ್ರೇ" ಎಂದಳು.
"ಕಳ್ಳ ಏನು ಬೋರ್ಡ್ ಹಾಕ್ಕೊಂಡು ಬರ್ತಾನಾ?"
ನಗುತ್ತಾಳೆ. ಜೂನ್ ಒಂದಕ್ಕೆ ಕಡಲ ತಳಕ್ಕೆ ಮುಳುಗಿ ಮುಳ್ಳುಮೈಯ ಜೀವಿ, ಮುಳ್ಳುಚೆಂಡು, ಹೆಕ್ಕುವ ಸುಗ್ಗಿ. ಯಂಗ್‌ಮಿ ಕಡಲಿಗಿಳಿಯುವುದು ಇದೇ ಮೊದಲ ಸಲ. ಪಡುವಣದ ಕಡಲಲ್ಲಿ ನೀರು ಮನುಷ್ಯರನ್ನು ಒಳಗೆಳೆಯುವ ಸೆಳೆತದ ಬಂಡೆ ಹನ್ನೊಂದು. ಏಳು ನನ್ನ ಮೈಗೇ ಗೊತ್ತು. ನಾಲ್ಕು, ನನ್ನ ಜೊತೆ ಮುಳುಗುತ್ತಿದ್ದ ಮಾಲ್‌ಜಾ ಅಕ್ಕನಿಗೆ ಮಾತ್ರ ಗೊತ್ತಿದ್ದವು. ಸಾಯುವ ಮುಂಚೆ ಅವಳು ಹೇಳುತ್ತ ಹೋದಳು, ನಾನು ಟ್ಯಾಬ್‌ನ ನಕ್ಷೆಯಲ್ಲಿ ಗುರುತು ಹಾಕುತ್ತ ಹೋದೆ. ಕಾಗದ ಬೇಡ, ನೆನೆಯುತ್ತೆ ಎಂದದ್ದು ಯಂಗ್‌ಮಿ. ಮುಚ್ಚಿದ ಖಾತೆಯ ಜೊತೆ ನಕ್ಷೆಯೂ ಈಗ ಕಂಪನಿಯ ಹೊಟ್ಟೆಯಲ್ಲಿ.

ಮೇ 20
ಕಂಪನಿಗೆ ಫೋನ್. ಮನುಷ್ಯರಿಲ್ಲ. ಒಂದು ಒತ್ತಿ, ಎರಡು ಒತ್ತಿ... ಆಮೇಲೆ ಪಿಟೀಲು. ಆಮೇಲೆ ಅದೂ ಇಲ್ಲ.
ಮುಳುಗುವ ಹೆಂಗಸರಲ್ಲಿ ಈಗ ಹಿರಿಯಳು ಇನ್‌ಸುನ್. ದಾರಿಯಲ್ಲಿ ಸಿಕ್ಕಳು. "ಮಾಲ್‌ಜಾ ಹೇಳಿದ ಬಂಡೆಗಳನ್ನೆಲ್ಲ ಸೊಸೆಗೆ ಮಾತ್ರ ಇಟ್ಕೊಂಡು, ಕಂಪನಿ ಮೇಲೆ ಹಾಕ್ತಿದ್ದೀಯಾ?"
ಮನೆಗೆ ಬಂದು ಮತ್ತೆ ಒಂದು ಒತ್ತಿದೆ, ಎರಡು ಒತ್ತಿದೆ.

ಮೇ 25
ಸೋತೆ. ಚೀಟಿಯ ಫೋಟೊ ಕಳಿಸಿದೆ. ನಾಲ್ಕು ನಿಮಿಷಕ್ಕೆ ಉತ್ತರ — ಹುಟ್ಟಿದ ದಿನ ತಾಳೆಯಾಗುತ್ತಿಲ್ಲ, ನೀವು ಖಾತೆಯ ಒಡೆಯರಲ್ಲ.
ಖಾತೆಯಲ್ಲಿ 1949. ಚೀಟಿಯಲ್ಲಿ 1951. ಆಗೆಲ್ಲ ಮಗು ದಡಾರ ದಾಟಿ ಉಳಿದರೆ ಮಾತ್ರ ದಫ್ತರದಲ್ಲಿ ಹೆಸರು. ಅಪ್ಪ ಎರಡು ವರ್ಷ ಕಾದ.
"ಖಾತೆ ಮಾಡುವಾಗ ಸುಳ್ಳು ದಿನ ಯಾಕೆ ಹೇಳಿದ್ರಿ ಅತ್ತೆ?"
"ಹುಟ್ಟಿದೋಳು ನಾನು ಕಣೇ. ನಾನು ನಿಜಾನೇ ಹೇಳಿದ್ದು. ಸುಳ್ಳು ಹೇಳ್ತಿರೋದು ಚೀಟಿ."

ಮೇ 28
ಗಂಡಸಿನ ದನಿ. ಬೆಣ್ಣೆಯಂಥದ್ದು. "ಅಮ್ಮಾ, ಖಾತೆ ತೆರೆದುಕೊಡ್ತೀನಿ. ಫೋನಿಗೆ ಬಂದ ಆರು ಅಂಕಿ ಓದಿ." ಇಷ್ಟು ದಿನಕ್ಕೆ ಮೊದಲ ಮನುಷ್ಯ! ಮೂರು ಅಂಕಿ ಓದಿಯೂಬಿಟ್ಟೆ.
"ಒಳಗೆ ಏನಿದೆ ಹೇಳು ನೋಡೋಣ."
"ನಿಮ್ಮ ದುಡ್ಡು, ಅಮ್ಮಾ."
ಒಳಗಿರುವುದು ನಕ್ಷೆ, ದುಡ್ಡಲ್ಲ. ಫೋನ್ ಇಟ್ಟೆ. ಚೀಟಿ ಕಳಿಸಿದ ಮೂರನೇ ದಿನ ಈ ಕರೆ. ಅವನಿಗೆ ಹೇಗೆ ತಿಳಿಯಿತು... ಅಂಥವರಿಗೂ ನನ್ನ ಗುರುತಿದೆ. ಕಂಪನಿಗಿಲ್ಲ.

ಜೂನ್ 1, ಆರೂವರೆ
ಇವತ್ತೊಂದು ದಿನ ಇಳಿಯಬೇಡ ಎಂದೆ ಯಂಗ್‌ಮಿಗೆ. ಕೇಳಲಿಲ್ಲ. "ಎಲ್ರೂ ಇಳೀತಾರೆ, ನಾನೊಬ್ಳು ದಡದಲ್ಲಿ ಕೂತು ನಗೆಪಾಟಲಾಗ್ಲಾ?"
ಪೆಟ್ಟಿಗೆಯಿಂದ, ಮುಳುಗುವಾಗ ತೊಡುತ್ತಿದ್ದ ನನ್ನ ರಬ್ಬರ್ ಅಂಗಿ ತೆಗೆದೆ. ಆರು ವರ್ಷದಿಂದ ಮಡಚಿಟ್ಟದ್ದು. ಹೊಟ್ಟೆಯ ಹತ್ತಿರ ಬಿಗಿ.
"ಡಾಕ್ಟ್ರು ಕಿವಿಗೆ ನೀರು ಬೇಡ ಅಂದಿದ್ದಾರೆ ಅತ್ತೆ!"
"ಬಾಯಿ ಮುಚ್ಚಿ ನನ್ನ ಹಿಂದೆ ಬಾ. ನಾನು ತಿರುಗಿದಲ್ಲೇ ತಿರುಗು."
ಎರಡು ನಿಮಿಷ ತಾಳಿ ಎಂದು ಹೇಳಿ ಒಳಗೆ ಬಂದೆ. ಮಾಲ್‌ಜಾ ಹೇಳಿದ ನಾಲ್ಕು ಬಂಡೆಗಳನ್ನು ಅವಳ ದನಿಯಲ್ಲೇ ಹೇಳಿಕೊಂಡು ಬರೆಯುತ್ತಿದ್ದೇನೆ. ಒಂದು — ಕುದುರೆಬೆನ್ನಿನ ಬಂಡೆಯಿಂದ ಎಂಟು ಮಾರು ಆಚೆ. ಎರಡು — ಗವಿಯ ಎಡಕ್ಕೆ, ಇಳಿತದಲ್ಲಿ ಮಾತ್ರ. ಮೂರು — ಕಂದು ಪಾಚಿ ಮುಗಿಯುವಲ್ಲಿ, ಬಲಗೈ ಚಾಚಿದಷ್ಟು ದೂರ.
ನಾಲ್ಕು —
ದಡದಿಂದ ಕೂಗುತ್ತಿದ್ದಾರೆ. ಮಾಲ್‌ಜಾ ಏನೆಂದಿದ್ದಳೋ ನೆನಪಿಗೆ ಬರುತ್ತಿಲ್ಲ. ನಾಲ್ಕು —